ಸ್ಲೋ ಕುಕ್ಕರ್ ಇಡೀ ದಿನ ಆನ್ ಇಟ್ಟರೆ ಎಷ್ಟು ಯೂನಿಟ್ ಓಡುತ್ತದೆ?

ಬೆಳಗಿನ ರೈಲು, ಬಂಗಾರಪೇಟೆ:

ಎಲ್ಲರಿಗೂ ನಮಸ್ಕಾರ. ಕರೆಂಟಿನ ಲೆಕ್ಕ ಗೊತ್ತಿರುವವರು, ಸ್ಲೋ ಕುಕ್ಕರ್ ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ.

ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಮೊದಲೇ ಮನೆ ಬಿಡಬೇಕು. ಸಂಜೆ ರೈಲು ಇಳಿದು ಮನೆ ಸೇರುವಷ್ಟರಲ್ಲಿ ಏಳೂವರೆ, ಕೆಲವು ದಿನ ಎಂಟು. ಮನೆಯಲ್ಲಿ ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಮುದ್ದೆಯದು ದೊಡ್ಡ ಕೆಲಸ ಅಲ್ಲ, ಬಂದ ಮೇಲೆ ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ. ತಡವಾಗುವುದು ಸಾರಿಗೆ. ನಮ್ಮ ಮನೆಯಲ್ಲಿ ಕಾಳಿಲ್ಲದೆ ಸಾರಿಲ್ಲ. ಹುರುಳಿ, ಅಲಸಂದೆ, ಕಡಲೆ, ವಾರಕ್ಕೊಂದು ಸಲ ಸೊಪ್ಪು ಹಾಕಿ ಬಸ್ಸಾರು. ಅತ್ತೆಗೆ ಮಂಡಿ ನೋವು, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಅದೂ ಅಲ್ಲದೆ ಕುಕ್ಕರ್ ಕೂಗಿದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ. ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ಕುಕ್ಕರ್ ಮುಚ್ಚಳ ಹಾರಿದ್ದನ್ನು ನೋಡಿದ್ದರಂತೆ. ಅವರಿಗೆ ಕುಕ್ಕರ್ ಇಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಈಗ ನನ್ನ ತಮ್ಮ ಒಂದು ಸ್ಲೋ ಕುಕ್ಕರ್ ತಂದುಕೊಟ್ಟಿದ್ದಾನೆ. 3.5 ಲೀಟರ್‌ನದು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಒಂದೇ ಒಂದು ತಿರುಗಣೆ: ಆಫ್, ಲೋ, ಹೈ, ವಾರ್ಮ್. ತಳದಲ್ಲಿ 200 ವಾಟ್ ಎಂದು ಬರೆದಿದೆ. ಬೆಳಿಗ್ಗೆ ಕಾಳು, ನೀರು, ಈರುಳ್ಳಿ ಹಾಕಿ ಲೋಗೆ ತಿರುಗಿಸಿ ಹೋದರೆ ಸಂಜೆಗೆ ಬೆಂದಿರುತ್ತದೆ ಎನ್ನುತ್ತಾನೆ.

ಆದರೆ ಅತ್ತೆ ಒಪ್ಪುತ್ತಿಲ್ಲ. "ಎಂಟು ಗಂಟೆ ಕರೆಂಟ್ ಉರಿದರೆ ಮೀಟರ್ ಓಡಿಬಿಡಲ್ವಾ, ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ ಬಂದರೆ ಏನು ಮಾಡೋದು" ಅನ್ನುವುದು ಅವರ ಚಿಂತೆ. ನಮ್ಮ ಬಿಲ್ಲಿನಲ್ಲಿ ಉಚಿತದ ಮಿತಿ 96 ಯೂನಿಟ್ ಇದೆ. ತಿಂಗಳಿಗೆ 80ರಿಂದ 88ರವರೆಗೆ ಬಳಸುತ್ತೇವೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಸರಿಯಾದ ಲೆಕ್ಕ ಅವರ ಮುಂದೆ ಇಡಬೇಕು.

ವಾರಕ್ಕೆ ಮೂರು ಸಲ ಬಳಸಿದರೆ ಎಷ್ಟು ಯೂನಿಟ್ ಆಗುತ್ತದೆ? ಗ್ಯಾಸ್ ಮೇಲೆ ಮಾಡಿದರೆ ಕಡಿಮೆಯಾ, ಇದರಲ್ಲಾ? ಮಧ್ಯಾಹ್ನ ನಮ್ಮ ಕಡೆ ವೋಲ್ಟೇಜ್ ಬೀಳುತ್ತದೆ, ಅದರಿಂದ ತೊಂದರೆ ಇದೆಯಾ?

ಎಲೆಕ್ಟ್ರಿಷಿಯನ್ ಮೇಷ್ಟ್ರು, ಚಿಂತಾಮಣಿ:

ನಮಸ್ಕಾರ ತಾಯಿ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಪಾಠ ಮಾಡಿ ನಿವೃತ್ತನಾದವನು. ಅತ್ತೆಯವರ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಎಷ್ಟು ಹೊತ್ತು ಉರಿಯುತ್ತದೆ ಎಂದು ಅವರು ಕೇಳುತ್ತಿದ್ದಾರೆ. ಅಂಗಡಿಯಲ್ಲಿ ಕೊಳ್ಳುವವರು ಬರೀ ವಾಟ್ ನೋಡುತ್ತಾರೆ. ವಾಟ್ ಒಂದೇ ನೋಡಿದರೂ ಲೆಕ್ಕ ತಪ್ಪುತ್ತದೆ, ಗಂಟೆ ಒಂದೇ ನೋಡಿದರೂ ತಪ್ಪುತ್ತದೆ. ಎರಡನ್ನೂ ಗುಣಿಸಬೇಕು.

1000 ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಿಮ್ಮ ಕುಕ್ಕರ್ ಹೈನಲ್ಲಿ 200 ವಾಟ್, ಅಂದರೆ ಐದು ಗಂಟೆಗೆ ಒಂದು ಯೂನಿಟ್. ಸ್ನಾನದ ಗೀಸರ್ 2000 ವಾಟ್, ಅದು ಅರ್ಧ ಗಂಟೆಯಲ್ಲಿ ಅದೇ ಒಂದು ಯೂನಿಟ್ ಮುಗಿಸುತ್ತದೆ. ಗೀಸರ್ ಆರಿಸಲು ಮರೆತ ದಿನ ಹೋಗುವ ಕರೆಂಟಿನಲ್ಲಿ ಎರಡು ದಿನದ ಸಾರು ಆಗುತ್ತದೆ ಎಂದು ಅತ್ತೆಗೆ ಹೇಳಿ.

ಈಗ ಲೋ ವಿಷಯ. ಇಲ್ಲಿ ಎಲ್ಲರೂ ಎಡವುತ್ತಾರೆ. ಈ ಗಾತ್ರದ ಕುಕ್ಕರ್ ಲೋನಲ್ಲಿ ಸುಮಾರು 130ರಿಂದ 150 ವಾಟ್ ಎಳೆಯಬಹುದು. 140 ಎಂದು ಹಿಡಿದರೆ ಎಂಟು ಗಂಟೆಗೆ 1.12 ಯೂನಿಟ್. ಹೈನಲ್ಲಿ ನಾಲ್ಕು ಗಂಟೆಗೆ 0.8 ಯೂನಿಟ್. ಲೋ ಎಂದ ಮಾತ್ರಕ್ಕೆ ಉಳಿತಾಯ ಎಂದಲ್ಲ. ಲೋನಲ್ಲಿಟ್ಟರೂ ಹೈನಲ್ಲಿಟ್ಟರೂ ಸಾರು ಕೊನೆಗೆ ಹೋಗಿ ನಿಲ್ಲುವುದು ಕುದಿಗೆ ಸ್ವಲ್ಪ ಕೆಳಗೆ, 95 ಡಿಗ್ರಿ ಆಸುಪಾಸಿನಲ್ಲಿ. ವ್ಯತ್ಯಾಸ ಅಲ್ಲಿಗೆ ತಲುಪುವ ಹೊತ್ತಿನಲ್ಲಿ. ಬರೀ ತಿರುಗಣೆ ಇರುವ ಸಾದಾ ಮಾದರಿಗಳಲ್ಲಿ ಬಿಸಿಯಾದ ಮೇಲೆ ತಾನೇ ಆರಿ ಹತ್ತುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಆನ್ ಇರುವಷ್ಟು ಹೊತ್ತೂ ಒಂದೇ ಸಮನೆ ಕರೆಂಟ್ ಎಳೆಯುತ್ತಿರುತ್ತದೆ.

ಈ ಒಂದು ಯೂನಿಟ್ ಎಲ್ಲಿ ಹೋಗುತ್ತದೆ ನೋಡಿ. ಎರಡೂವರೆ ಲೀಟರ್ ಸಾರನ್ನು 25 ಡಿಗ್ರಿಯಿಂದ 95ಕ್ಕೆ ಏರಿಸಲು ಬೇಕಾದದ್ದು ಬರೀ 0.2 ಯೂನಿಟ್. ಮಿಕ್ಕಿದ್ದೆಲ್ಲ ಪಾತ್ರೆಯ ಪಕ್ಕದಿಂದ, ಮುಚ್ಚಳದಿಂದ ಅಡುಗೆಮನೆಗೆ ಸೋರಿಹೋಗುವ ಬಿಸಿ. ಕುಕ್ಕರಿನ ಹೊರಮೈ ಮುಟ್ಟಿದರೆ ಗೊತ್ತಾಗುತ್ತದೆ. ಹಾಗಂತ ಟವೆಲ್ ಸುತ್ತಲು ಹೋಗಬೇಡಿ, ಬೆಂಕಿಯ ಅಪಾಯ. ಆದರೆ ಸುಮ್ನೆ ಮುಚ್ಚಳ ತೆಗೆದು ನೋಡುವುದನ್ನು ಬಿಡಿ. ಒಮ್ಮೆ ತೆಗೆದರೆ ಹೋದ ಬಿಸಿ ವಾಪಸ್ ಬರಲು ಇಪ್ಪತ್ತು ನಿಮಿಷವಾದರೂ ಬೇಕು.

ಗ್ಯಾಸಿನ ಲೆಕ್ಕ. ಮನೆ ಸಿಲಿಂಡರ್‌ನಲ್ಲಿ 14.2 ಕೆ.ಜಿ. ಗ್ಯಾಸ್. ಬೆಲೆ 900 ಎಂದು ಹಿಡಿದರೆ ಕೆ.ಜಿ.ಗೆ ಸುಮಾರು 63 ರೂಪಾಯಿ. ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ 150ರಿಂದ 180 ಗ್ರಾಂ ಸುಡುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಕಾಳು ಬೇಯಿಸಲು ಉರಿ ಹೆಚ್ಚು ಕಡಿಮೆ ಮಾಡುತ್ತಾ ಇಪ್ಪತ್ತು ನಿಮಿಷ ಎಂದರೆ 40, 45 ಗ್ರಾಂ. ಮೂರು ರೂಪಾಯಿಯೊಳಗೆ ಮುಗಿಯಿತು. ಕರೆಂಟು ತೆರಿಗೆ ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ನಿಮ್ಮ ಸ್ಲೋ ಕುಕ್ಕರ್ ಸಾರಿಗೆ ಆರರಿಂದ ಎಂಟು ರೂಪಾಯಿ. ಅಂದರೆ ಪ್ರೆಶರ್ ಕುಕ್ಕರ್ ಪಕ್ಕ ಇಟ್ಟರೆ ಇದು ಅಗ್ಗವಲ್ಲ. ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೆರೆದ ಪಾತ್ರೆಯಲ್ಲಿ ಮೂರ್ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೇಯಿಸುವ ಅಡುಗೆಗೆ ಮಾತ್ರ ಇದು ಗ್ಯಾಸಿಗಿಂತ ಮೇಲು. ಅಲ್ಲಿ ಗ್ಯಾಸ್ 200 ಗ್ರಾಂ ಸಲೀಸಾಗಿ ಹೋಗುತ್ತದೆ.

ಕರೆಂಟ್ ಪ್ರೆಶರ್ ಕುಕ್ಕರ್ ಎಂದು ಬರುತ್ತದಲ್ಲ, ಅದರ ಮೇಲೆ 1000 ವಾಟ್ ಎಂದಿರುತ್ತದೆ. ನೋಡಿದರೆ ಭಯ. ಆದರೆ ಪ್ರೆಶರ್ ಏರುವ ತನಕ ಮಾತ್ರ ಜೋರಾಗಿ ಎಳೆದು, ಆಮೇಲೆ ಆಗಾಗ ಹತ್ತಿ ಆರುತ್ತದೆ. ಇದೇ ಸಾರು ಅರ್ಧ ಯೂನಿಟ್ ಒಳಗೆ ಆಗುತ್ತದೆ. 1000 ವಾಟಿನದು 200 ವಾಟಿನದಕ್ಕಿಂತ ಕಡಿಮೆ ತಿನ್ನುವುದು ಹೀಗೆ. ನಿಮ್ಮ ಮನೆಯಲ್ಲಿ ಪ್ರೆಶರ್ ಎಂದರೆ ಭಯ ಇರುವುದರಿಂದ ಅದನ್ನು ಕೊಳ್ಳಿ ಎಂದು ಹೇಳುತ್ತಿಲ್ಲ.

ಗೃಹಜ್ಯೋತಿ. ಇದನ್ನು ಅತ್ತೆಗೆ ಓದಿ ಹೇಳಿ. ನಿಮ್ಮ 96 ಬಂದದ್ದು 2022-23ರ ಸರಾಸರಿಗೆ ಶೇ. 10 ಸೇರಿಸಿ. 96 ದಾಟಿದರೆ ಪೂರ್ತಿ ಬಿಲ್ ಬರುವುದಿಲ್ಲ. ದಾಟಿದ ಯೂನಿಟ್‌ಗಳಿಗೆ ಮಾತ್ರ ದುಡ್ಡು. ಪೂರ್ತಿ ಬಿಲ್ ಬರುವುದು ತಿಂಗಳಲ್ಲಿ 200 ಯೂನಿಟ್ ದಾಟಿದಾಗ. ವಾರಕ್ಕೆ ಮೂರು ಸಲ ಎಂದರೆ ತಿಂಗಳಿಗೆ ಹದಿಮೂರು, ಹದಿನಾಲ್ಕು ಯೂನಿಟ್. 88 ಬಳಸಿದ ತಿಂಗಳು 102 ಆಗಬಹುದು. ಆರು ಯೂನಿಟ್‌ಗೆ ನಲವತ್ತು ರೂಪಾಯಿ ಹತ್ತಿರ. 80 ಬಳಸಿದ ತಿಂಗಳು ಒಂದು ಪೈಸೆಯೂ ಇಲ್ಲ. ಅದೇ ಹೊತ್ತಿಗೆ ಗ್ಯಾಸ್ ಉಳಿದಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನ್ನ ಮಾತು ನಂಬಬೇಕಾಗಿಲ್ಲ, ನೀವೇ ಅಳೆಯಬಹುದು. ಮೀಟರ್ ಮುಂದೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 ಇಂಪ್ ಪರ್ ಕಿಲೋವಾಟ್ ಅವರ್ ಎಂದೋ 1600 ಎಂದೋ ಬರೆದಿರುತ್ತದೆ. ಅಂದರೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್, ಫ್ಯಾನ್, ಟಿವಿ, ಎಲ್ಲಾ ಆರಿಸಿ. ಸ್ಲೋ ಕುಕ್ಕರ್ ಒಂದೇ ಆನ್ ಇರಲಿ. ಒಂದು ಮಿಣುಕು ನೋಡಿ ಗಡಿಯಾರ ಹಿಡಿಯಿರಿ, ಅಲ್ಲಿಂದ ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. 3200ರ ಮೀಟರ್ ಆದರೆ 11,250ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ವಾಟ್. 1600ರ ಮೀಟರ್ ಆದರೆ 22,500ನ್ನು ಭಾಗಿಸಿ. ಅತ್ತೆಯವರನ್ನೇ ಮೀಟರ್ ಮುಂದೆ ಕುರ್ಚಿ ಹಾಕಿ ಕೂರಿಸಿ ಎಣಿಸಲು ಹೇಳಿ. ಕಣ್ಣಾರೆ ಕಂಡ ಲೆಕ್ಕಕ್ಕೆ ಬೇರೆ ಸಾಕ್ಷಿ ಬೇಡ.

ವೋಲ್ಟೇಜ್ ವಿಷಯಕ್ಕೆ ಬರುತ್ತೇನೆ, ಇದು ನಿಜವಾಗಿಯೂ ಗಮನ ಕೊಡಬೇಕಾದ್ದು. ಬಿಸಿ ಮಾಡುವ ತಂತಿಯ ವಾಟ್ ವೋಲ್ಟೇಜಿನ ವರ್ಗದಂತೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಇಳಿಯುತ್ತದೆ. 230 ಇರುವ ಕಡೆ 190 ಬಂದರೆ ವೋಲ್ಟೇಜ್ ಕಡಿಮೆಯಾದದ್ದು ಶೇ. 17 ಮಾತ್ರ, ಆದರೆ ನಿಮ್ಮ 200 ವಾಟ್ 136ಕ್ಕೆ ಇಳಿಯುತ್ತದೆ. ಹೈ ಎಂದು ಇಟ್ಟದ್ದು ಲೋ ಆಯಿತು. ಲೋ ಇಟ್ಟಿದ್ದರೆ ಸಾರು ಬಿಸಿಯಾಗಲು ಇಡೀ ಮಧ್ಯಾಹ್ನ ಬೇಕು. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಿಗೆ ಹೀಗಾಗುತ್ತದೆ. ಉದ್ದ ತಂತಿಯಲ್ಲಿ ಕರೆಂಟು ಜಾಸ್ತಿ ಹರಿದಷ್ಟೂ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತದೆ. ನಮ್ಮ ಕೆಜಿಎಫ್ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ಕರೆಂಟ್ ತಂದರು. ಸಾವಿರಾರು ವೋಲ್ಟ್‌ಗೆ ಏರಿಸಿ ಕಳಿಸಿದ್ದರಿಂದಲೇ ಅದು ಸಾಧ್ಯವಾಯಿತು. ಪಾಠ ಮಾಡುವಾಗ ಇದನ್ನು ಹೇಳದೆ ನಾನು ಮುಂದೆ ಹೋಗುತ್ತಿರಲಿಲ್ಲ, ನಮ್ಮ ನೆಲದ ಹೆಮ್ಮೆ ಅದು. ಬೀದಿಯ ತಂತಿಯಲ್ಲಿ ಆ ಅನುಕೂಲ ಇಲ್ಲ. ನಿಮ್ಮ ಕಡೆ ವೋಲ್ಟೇಜ್ ತುಂಬಾ ಬೀಳುತ್ತಿದ್ದರೆ ತಣ್ಣೀರಿನಿಂದ ಶುರು ಮಾಡಬೇಡಿ. ಗ್ಯಾಸ್ ಮೇಲೆ ಒಂದು ಕುದಿ ಬರಿಸಿ, ಆಮೇಲೆ ಇದಕ್ಕೆ ಹಾಕಿ.

ಶಿರಾ ಅಡುಗೆಮನೆ:

ಮೇಷ್ಟ್ರೇ, ಮಿಣುಕು ಎಣಿಸುವ ಉಪಾಯ ಚೆನ್ನಾಗಿದೆ. ನಾನೂ ಮಾಡಿ ನೋಡುತ್ತೇನೆ.

ಬಂಗಾರಪೇಟೆ ಅಕ್ಕಾ, ನಮ್ಮ ಮನೆಯಲ್ಲಿ ಸ್ಲೋ ಕುಕ್ಕರ್ ಬಂದು ಕೆಲವು ವರ್ಷವಾಯಿತು. ಕರೆಂಟಿನ ಲೆಕ್ಕ ಅವರು ಹೇಳಿದ್ದಾರೆ. ನಾನು ಕಾಳಿನ ಕಡೆಯಿಂದ ಹೇಳುತ್ತೇನೆ, ಏಕೆಂದರೆ ಕಾಳು ಬೇಯದಿದ್ದರೆ ಇನ್ನೆರಡು ಗಂಟೆ ಇಡುತ್ತೀರಿ, ಮತ್ತೆ ಕರೆಂಟು.

ಮೊದಲನೆಯದು ನೀರು. ನಮ್ಮ ಕಡೆಯ ಹಾಗೇ ನಿಮ್ಮ ಕಡೆಯೂ ಬೋರ್ ನೀರು ಗಡಸು. ಗಡಸು ನೀರಿನಲ್ಲಿ ಕಾಳಿನ ಸಿಪ್ಪೆ ಮೆತ್ತಗಾಗುವುದೇ ಇಲ್ಲ. ಪ್ರೆಶರ್ ಕುಕ್ಕರ್‌ನಲ್ಲಿ ಬಿಸಿ 120 ಡಿಗ್ರಿ ಹತ್ತಿರ ಇರುವುದರಿಂದ ಹೇಗೋ ಬೆಂದುಬಿಡುತ್ತದೆ, ನಮಗೆ ಗೊತ್ತಾಗುವುದಿಲ್ಲ. ಸ್ಲೋ ಕುಕ್ಕರ್‌ನಲ್ಲಿ ನೂರನ್ನೂ ಮುಟ್ಟುವುದಿಲ್ಲ, ಅಲ್ಲಿ ನೀರಿನ ಗುಣ ಎದ್ದು ಕಾಣುತ್ತದೆ. ನಾನು ನೆನೆಸಲೂ ಬೇಯಿಸಲೂ ಫಿಲ್ಟರ್ ಘಟಕದಿಂದ ತಂದ ಕ್ಯಾನ್ ನೀರನ್ನೇ ಹಾಕುತ್ತೇನೆ. ಅದೇ ಹುರುಳಿ, ಅದೇ ಪಾತ್ರೆ, ಬೋರ್ ನೀರಿನಲ್ಲಿ ಸಂಜೆಯಾದರೂ ಕಟಕಟ ಅನ್ನುತ್ತದೆ, ಫಿಲ್ಟರ್ ನೀರಿನಲ್ಲಿ ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುತ್ತದೆ.

ಎರಡನೆಯದು ಹುಳಿ. ಟೊಮೇಟೊ, ಹುಣಸೆಹಣ್ಣು ಮೊದಲೇ ಹಾಕಬೇಡಿ. ಹುಳಿ ಬಿದ್ದರೆ ಕಾಳು ಗಟ್ಟಿಯಾಗೇ ಉಳಿಯುತ್ತದೆ. ನಿಮ್ಮ ಕೋಲಾರದಲ್ಲಿ ಟೊಮೇಟೊ ಇಲ್ಲದೆ ಸಾರು ಇಲ್ಲ ಎಂದು ಗೊತ್ತು, ಆದರೆ ಅದು ಕಾಳು ಬೆಂದ ಮೇಲೆ, ಖಾರ ರುಬ್ಬಿ ಹಾಕುವಾಗ ಬರಲಿ.

ಹುರುಳಿ ರಾತ್ರಿಯೇ ನೆನೆಯಬೇಕು. ಬೆಳಿಗ್ಗೆ ಗ್ಯಾಸ್ ಮೇಲೆ ಒಂದು ಕುದಿ, ಆಮೇಲೆ ಹೈನಲ್ಲಿ ನಾಲ್ಕೈದು ಗಂಟೆ. ಹುರುಳಿ ಕಟ್ಟಿನ ಸಾರು ಮಾಡಲು ಇದಕ್ಕಿಂತ ಒಳ್ಳೆಯ ಪಾತ್ರೆ ನಾನು ಕಂಡಿಲ್ಲ. ಕಟ್ಟು ದಪ್ಪಗೆ, ಕಂದು ಬಣ್ಣಕ್ಕೆ ಇಳಿಯುತ್ತದೆ, ಕಾಳು ಒಡೆದು ಕದಡುವುದಿಲ್ಲ. ನೀರು ಮಾತ್ರ ಕಡಿಮೆ ಹಾಕಿ. ಇದರಲ್ಲಿ ಆವಿ ಹೋಗುವುದು ತೀರಾ ಕಡಿಮೆ, ಹಾಕಿದ ನೀರೆಲ್ಲ ಅಲ್ಲೇ ಇರುತ್ತದೆ. ಹಿತಕಿದ ಅವರೆಬೇಳೆಗೆ ಇದು ಬೇಡವೇ ಬೇಡ. ಅದು ಗ್ಯಾಸ್ ಮೇಲೆ ಚಿಟಿಕೆ ಹೊಡೆಯುವಷ್ಟರಲ್ಲಿ ಬೇಯುತ್ತದೆ, ಇದರಲ್ಲಿಟ್ಟರೆ ಕರಗಿ ಹೋಗುತ್ತದೆ.

ಕಾಲು ಸೂಪ್ ಮಾಡುವವರಿದ್ದರೆ ಅದಕ್ಕೂ ಇದೇ ಸರಿ. ರಾತ್ರಿ ಗ್ಯಾಸ್ ಮೇಲೆ ಕುದಿಸಿ ಹಾಕಿ, ಲೋನಲ್ಲಿ ಬೆಳಗಿನವರೆಗೆ ಬಿಟ್ಟರೆ ಮೂಳೆಯ ಅಂಟೆಲ್ಲ ರಸಕ್ಕೆ ಇಳಿದಿರುತ್ತದೆ. ಹತ್ತು ಗಂಟೆಗೆ ಮೇಷ್ಟ್ರ ಲೆಕ್ಕದಲ್ಲಿ 1.4 ಯೂನಿಟ್. ಹತ್ತು ರೂಪಾಯಿ. ಅದನ್ನು ಗ್ಯಾಸ್ ಮೇಲೆ ತೆರೆದ ಪಾತ್ರೆಯಲ್ಲಿ ಮಾಡಿದರೆ ಯಾರಾದರೂ ಎದ್ದು ಕಾಯಬೇಕು.

ಇನ್ನೊಂದು ಬಹಳ ಮುಖ್ಯ. ಮಕ್ಕಳಿಗೆ ರಾಜ್ಮಾ ಇಷ್ಟ ಎಂದು ಹಸಿ ರಾಜ್ಮಾವನ್ನು ನೇರವಾಗಿ ಇದರಲ್ಲಿ ಹಾಕಿ ಹೋಗಬೇಡಿ. ಅದರಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇದೆ. ಜೋರಾಗಿ ಕುದಿದರೆ ಮಾತ್ರ ಅದು ಸಾಯುತ್ತದೆ. ಸಣ್ಣ ಬಿಸಿಯಲ್ಲಿ ಅರೆಬೆಂದರೆ ಹಸಿಯದಕ್ಕಿಂತ ಕೆಟ್ಟದ್ದಾಗಬಹುದು. ನಾಲ್ಕೈದು ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರುವಾಗುತ್ತದೆ. ಐದು ಗಂಟೆಗೆ ಕಡಿಮೆ ಇಲ್ಲದೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸ್ ಮೇಲೆ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲೆ ಬೇಕಾದರೆ ಸ್ಲೋ ಕುಕ್ಕರ್. ನಾನಾದರೆ ರಾಜ್ಮಾವನ್ನು ಪ್ರೆಶರ್ ಕುಕ್ಕರಿಗೇ ಬಿಡುತ್ತೇನೆ.

ಅಂದಹಾಗೆ, ಈ ಪಾತ್ರೆಯನ್ನು ಕಂಡುಹಿಡಿದದ್ದೇ ಕಾಳಿಗಾಗಿ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬುವರಿಗೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ತಾಯಿ ಲಿಥುವೇನಿಯಾದ ಊರಿನ ಕಥೆ ಹೇಳುತ್ತಿದ್ದರಂತೆ. ಯಹೂದಿಗಳು ಸಬ್ಬತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಬೆಂಕಿ ಹೊತ್ತಿಸುವುದಿಲ್ಲ. ಅದಕ್ಕೆ ಶುಕ್ರವಾರ ಸಂಜೆಯೇ ಕಾಳು, ಮಾಂಸದ ಪಾತ್ರೆಯನ್ನು ಬೇಕರಿಯವರ ಒಲೆಗೆ ಕೊಟ್ಟುಬಿಡುವುದು, ಒಲೆ ಆರುತ್ತಾ ಆರುತ್ತಾ ಅದು ಬೇಯುವುದು. ಆಮೇಲೆ 1971ರಲ್ಲಿ ಬೇರೆ ಕಂಪನಿ ಅದನ್ನು ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಳಿಗ್ಗೆ ಹಾಕಿಟ್ಟು ಕೆಲಸಕ್ಕೆ ಹೋಗುವ ನಿಮ್ಮಂಥ ಹೆಂಗಸರೇ ಅದನ್ನು ಗೆಲ್ಲಿಸಿದ್ದು.

ಕ್ಯಾತ್ಸಂದ್ರ, ತುಮಕೂರು:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೇಷ್ಟ್ರು ಹೇಳಿದ ಹಾಗೆ ಬೇಕಾದದ್ದು 0.2 ಯೂನಿಟ್, ಮಿಕ್ಕಿದ್ದು ಸೋರಿಹೋಗುವುದು. ಹಾಗಾದರೆ ಸೋರದ ಹಾಗೆ ನೋಡಿಕೊಂಡರೆ ಆಯಿತಲ್ವಾ?

ನಮ್ಮ ಮನೆಯಲ್ಲಿ ಒಂದು ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ಇದೆ. ಒಳಗೆ ಹಳೆಯ ಕಂಬಳಿ. ದಪ್ಪ ತಳದ ಪಾತ್ರೆಯಲ್ಲಿ ಬೇಳೆಯನ್ನೋ ನೆನೆಸಿದ ಕಾಳನ್ನೋ ಗ್ಯಾಸ್ ಮೇಲೆ ಹದಿನೈದು ನಿಮಿಷ ಚೆನ್ನಾಗಿ ಕುದಿಸುತ್ತೇವೆ. ಮುಚ್ಚಳ ತೆಗೆಯದೆ ಹಾಗೇ ಪೆಟ್ಟಿಗೆಯೊಳಗೆ ಇಟ್ಟು ಕಂಬಳಿ ಹೊದಿಸುವುದು. ಬೇಳೆ ಎರಡು ಗಂಟೆಯಲ್ಲಿ ಬೆಂದಿರುತ್ತದೆ. ಕಾಳಿಗೆ ಮಧ್ಯೆ ಇನ್ನೊಂದು ಕುದಿ ಬೇಕು. ಕರೆಂಟ್ ಸೊನ್ನೆ. ಪಾತ್ರೆ ತುಂಬ ಇರಬೇಕು, ಅರ್ಧ ಪಾತ್ರೆ ಇಟ್ಟರೆ ಬೇಗ ಆರುತ್ತದೆ. ಮಾಂಸ ಮಾತ್ರ ಇದರಲ್ಲಿ ನಾವು ಮಾಡುವುದಿಲ್ಲ.

ಅತ್ತೆಯವರಿಗೆ ಬಿಸಿ ಪಾತ್ರೆ ಎತ್ತಿ ಪೆಟ್ಟಿಗೆಗೆ ಇಡಲು ಆಗುವುದಿಲ್ಲ ಎಂದರೆ ಬೇರೆ ಮಾತು. ಆಗುವವರು ದುಡ್ಡು ಕೊಟ್ಟು ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಗೌರಿಬಿದನೂರು ರಸ್ತೆ:

ಕರೆಂಟ್ ಹೋದರೆ ಏನು ಎಂದು ಯಾರೂ ಹೇಳಲಿಲ್ಲ. ಅರ್ಧ, ಮುಕ್ಕಾಲು ಗಂಟೆ ಹೋದರೆ ಪರವಾಗಿಲ್ಲ, ಪಿಂಗಾಣಿ ಬಿಸಿ ಹಿಡಿದಿರುತ್ತದೆ, ಮುಚ್ಚಳ ತೆಗೆಯಬಾರದು ಅಷ್ಟೇ. ಜಾಸ್ತಿ ಹೊತ್ತು ಹೋದರೆ ಮನೆಯಲ್ಲಿದ್ದವರು ಅದನ್ನು ಬೇರೆ ಪಾತ್ರೆಗೆ ಬಗ್ಗಿಸಿ ಗ್ಯಾಸ್ ಮೇಲೆ ಮುಗಿಸಿಬಿಡಬೇಕು. ಸಾರು 60 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಉಗುರುಬೆಚ್ಚಗೆ ನಿಂತರೆ ಕೆಡುತ್ತದೆ, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಎಂದು ತಿಳಿಯದಿದ್ದರೆ ಚೆಲ್ಲುವುದೇ ಲೇಸು.

ಯುಪಿಎಸ್‌ಗೆ ಕೊಡಬೇಡಿ. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿಯಲ್ಲಿ ತುಂಬಿದಾಗ 1.8 ಯೂನಿಟ್ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಸಾರಿಗೇ ಅದೆಲ್ಲ ಖರ್ಚಾದರೆ ರಾತ್ರಿ ಮಕ್ಕಳ ಓದಿಗೆ ದೀಪ ಇರುವುದಿಲ್ಲ.

ಬೆಳಗಿನ ರೈಲು, ಬಂಗಾರಪೇಟೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಎಂದುಕೊಂಡಿರಲಿಲ್ಲ.

ಭಾನುವಾರ ಮೀಟರ್ ಪರೀಕ್ಷೆ ಮಾಡಿದೆವು. ನಮ್ಮದು 3200ರ ಮೀಟರ್. ಅತ್ತೆ ಕುರ್ಚಿ ಹಾಕಿಕೊಂಡು ಮಿಣುಕು ಎಣಿಸಿದರು, ದೊಡ್ಡ ಮಗಳು ಫೋನಿನಲ್ಲಿ ಸೆಕೆಂಡ್ ನೋಡಿದಳು. ಹೈನಲ್ಲಿ ಹತ್ತು ಮಿಣುಕಿಗೆ 57 ಸೆಕೆಂಡ್. ಲೋನಲ್ಲಿ 81. ಭಾಗಿಸಿದರೆ 197 ವಾಟ್ ಮತ್ತು 139 ವಾಟ್. ಮೇಷ್ಟ್ರೇ, ಲೋಗೆ ನೀವು ಹೇಳಿದ್ದಕ್ಕೆ ಒಂದೇ ಒಂದು ವಾಟ್ ವ್ಯತ್ಯಾಸ! ವಾರ್ಮ್‌ನಲ್ಲಿ ಹತ್ತು ಮಿಣುಕು ಬರಲು ನಾಲ್ಕು ನಿಮಿಷ ಹತ್ತಿರ ಆಯಿತು, ಅಂದರೆ 50 ವಾಟ್ ಆಸುಪಾಸು. ಆಮೇಲೆ ಅತ್ತೆ ತಾವಾಗಿಯೇ "ಆ ಗೀಸರ್ ಹಾಕು, ಅದನ್ನೂ ನೋಡೋಣ" ಎಂದರು. ದೀಪ ಎಣಿಸಲು ಆಗದಷ್ಟು ಬೇಗ ಬೇಗ ಹೊಡೆದುಕೊಂಡಿತು. ಈಗ ನಮ್ಮ ಮನೆಯಲ್ಲಿ ಗೀಸರ್ ಸ್ವಿಚ್ ಹತ್ತಿರ ಅತ್ತೆಯ ಕಾವಲು.

ನಿಮ್ಮೆಲ್ಲರ ಮಾತು ಸೇರಿಸಿ ಹೀಗೆ ಮಾಡಬೇಕೆಂದಿದ್ದೇವೆ. ರಾತ್ರಿ ಕ್ಯಾನ್ ನೀರಿನಲ್ಲಿ ಕಾಳು ನೆನೆಸುವುದು. ಬೆಳಿಗ್ಗೆ ನಾನು ಹೊರಡುವ ಮೊದಲು ಗ್ಯಾಸ್ ಮೇಲೆ ಒಂದು ಕುದಿ ಬರಿಸಿ, ಸ್ವಲ್ಪ ಆರಿದ ಮೇಲೆ ಪಿಂಗಾಣಿಗೆ ಹಾಕಿ, ಹೈಗೆ ತಿರುಗಿಸಿ ಹೋಗುವುದು. ನಾವು ನೋಡಿದ ಹಾಗೆ ನಮ್ಮ ಬೀದಿಯಲ್ಲಿ ವೋಲ್ಟೇಜ್ ಬೀಳುವುದು ಹನ್ನೊಂದರ ಮೇಲೆ. ಅಷ್ಟರಲ್ಲಿ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಕಾಳು ಬೆಂದಿದೆ ಅನ್ನಿಸಿದಾಗ ಅತ್ತೆ ಆಫ್ ಮಾಡುತ್ತಾರೆ. ಬೆಂದದ್ದನ್ನು ಮಧ್ಯಾಹ್ನ ಮಕ್ಕಳು ಬಂದಾಗ ಉಸಲಿಗೂ ತೆಗೆದುಕೊಳ್ಳಬಹುದು, ಮಿಕ್ಕಿದ್ದು ಫ್ರಿಜ್‌ಗೆ. ಖಾರ ರುಬ್ಬಿ ಒಗ್ಗರಣೆ ಹಾಕುವುದು ನಾನು ಸಂಜೆ ಬಂದ ಮೇಲೆ. ಹೀಗಾದರೆ ಎಂಟು ಗಂಟೆ ಲೋ ಇಡುವ ಪ್ರಮೇಯವೇ ಇಲ್ಲ, ಒಂದು ಯೂನಿಟ್ ಒಳಗೆ ಮುಗಿಯುತ್ತದೆ. ತಮ್ಮ ಹೇಳಿದ ಲೆಕ್ಕ ಮನೆಯಲ್ಲಿ ಯಾರೂ ಇಲ್ಲದವರಿಗೆ. ನಮ್ಮ ಮನೆಯಲ್ಲಿ ಅತ್ತೆ ಇದ್ದಾರಲ್ಲ.

ಕ್ಯಾತ್ಸಂದ್ರದವರ ಪೆಟ್ಟಿಗೆ ಯಜಮಾನರಿಗೆ ಬಹಳ ಹಿಡಿಸಿದೆ. ರಜೆಯಲ್ಲಿ ನಾನು ಮನೆಯಲ್ಲಿದ್ದಾಗ ಮಾಡಿ ನೋಡುತ್ತೇವೆ. ಅತ್ತೆಯ ಕೈಯಲ್ಲಿ ಬಿಸಿ ಪಾತ್ರೆ ಎತ್ತಿಸುವ ಮನಸ್ಸಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಕುಕ್ಕರಿನ ವೈರ್ ಬಹಳ ಗಿಡ್ಡ. ಅಡುಗೆಮನೆ ಕಟ್ಟೆಯ ಪ್ಲಗ್‌ನಲ್ಲಿ ಮಿಕ್ಸಿ ಇದೆ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಬಹುದಾ? 15 ಆಂಪಿಯರ್ ಪ್ಲಗ್ ಬೇಕಾ?

ಎಲೆಕ್ಟ್ರಿಷಿಯನ್ ಮೇಷ್ಟ್ರು, ಚಿಂತಾಮಣಿ:

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ ತಾಯಿ. ಗೀಸರ್ ಪರೀಕ್ಷೆ ಮಾಡಿಸಿದ್ದು ಕೇಳಿ ನನಗೆ ಬಹಳ ಸಂತೋಷವಾಯಿತು.

15 ಆಂಪಿಯರ್ ಬೇಡ. 200 ವಾಟ್ ಎಂದರೆ ಒಂದು ಆಂಪಿಯರ್ ಕೂಡ ಆಗುವುದಿಲ್ಲ, 0.87. ಮಾಮೂಲಿ 6 ಆಂಪಿಯರ್ ಮೂರು ಪಿನ್ ಪ್ಲಗ್ ಸಾಕು. ಆದರೆ ಅರ್ತಿಂಗ್ ಸರಿಯಾಗಿರಬೇಕು, ಏಕೆಂದರೆ ಇದರ ಹೊರಮೈ ಲೋಹದ್ದು, ಪಕ್ಕದಲ್ಲೇ ನೀರಿನ ಕೆಲಸ. ಮೂರನೇ ಪಿನ್ ಕಿತ್ತು ಎರಡು ಪಿನ್ ಹೋಲ್ಡರ್‌ಗೆ ಹಾಕುವುದು ಬೇಡ. ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಹಾಕಿಸಿಲ್ಲದಿದ್ದರೆ ಇದೇ ನೆಪದಲ್ಲಿ ಒಂದು ಹಾಕಿಸಿ.

ವೈರ್ ಗಿಡ್ಡ ಇಟ್ಟಿರುವುದು ಬೇಕೆಂದೇ. ಉದ್ದ ಇದ್ದರೆ ಕಟ್ಟೆಯಿಂದ ಜೋತು ಬಿದ್ದು, ಮಕ್ಕಳ ಕೈಗೆ ಸಿಕ್ಕಿ, ಎರಡೂವರೆ ಲೀಟರ್ ಕುದಿಯುವ ಸಾರು ಮೈಮೇಲೆ ಬೀಳಬಹುದು. ಗಂಟೆಗಟ್ಟಲೆ ಉರಿಯುವ ಸಾಮಾನಿಗೆ ಸಡಿಲ ಎಕ್ಸ್‌ಟೆನ್ಷನ್ ಬೋರ್ಡ್ ಒಳ್ಳೆಯದಲ್ಲ, ಸಡಿಲ ಜಾಗದಲ್ಲೇ ಬಿಸಿಯಾಗಿ ಕರಗುವುದು. ಮಿಕ್ಸಿಯನ್ನು ಎಕ್ಸ್‌ಟೆನ್ಷನ್‌ಗೆ ಹಾಕಿ, ಅದು ಓಡುವುದು ಐದೇ ನಿಮಿಷ. ಕಟ್ಟೆಯ ಪ್ಲಗ್ ಇದಕ್ಕೆ ಬಿಡಿ. ಕಲ್ಲಿನ ಕಟ್ಟೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಪ್ಲಾಸ್ಟಿಕ್ ಹಾಸಿನ ಮೇಲೆ ಬೇಡ.